ಸುಮ್ಮನಿದ್ದ ಅಡುಗೆಮನೆಯ ಸಾಕ್ಷಿ

"ಇನ್ನೊಂದು ಸಲ ಹಾಕಿ ಮೇಡಂ," ಎಂದಳು ಕಿವಿಯಮ್ಮ. "ಈ ಸಲ ಮಾತು ಕೇಳಬೇಡಿ. ಮಾತಿನ ಹಿಂದೆ ಏನಿದೆ ಅಂತ ಕೇಳಿ."

ಸಿನಿಮಾ ಶಾಲೆಯ ಮುಖ್ಯಸ್ಥೆ ತಮ್ಮ ಫೋನನ್ನು ಒತ್ತಿದರು. ಫೋನಿಗೆ ಸಿಕ್ಕಿಸಿದ ತಂತಿಯಲ್ಲಿ ಹರಿದ ದನಿ, ಧ್ವನಿಕೋಣೆಯ ಎರಡು ದೊಡ್ಡ ಸ್ಪೀಕರುಗಳಿಂದ ಆಳೆತ್ತರಕ್ಕೆ ಎದ್ದು ನಿಂತಿತು.

"ಕ್ಯಾಮೆರಾ... ನಾನೇ ತಗೊಂಡು ಹೋದೆ. ...ಬಚ್ಚಿಟ್ಟಿದ್ದೀನಿ. ...ಯಾರಿಗೂ ಹೇಳಬೇಡ."

ಅದು ಕಿವಿಯಮ್ಮನ ಸ್ವಂತ ಅಕ್ಕನ ದನಿ. ಆ ಅಕ್ಕ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೈಚೀಲದ ಹಿಡಿಯನ್ನು ಹಿಂಡುತ್ತ, ತಲೆ ತಗ್ಗಿಸಿ ಕೂತಿದ್ದಳು. ಶಾಲೆಯ ದುಬಾರಿ ಕ್ಯಾಮೆರಾ ಚಿತ್ರೀಕರಣದ ಮನೆಯಿಂದ ಮಾಯವಾದ ಮೇಲೆ, ಹೆಸರು ಹಾಕದ ಯಾರೋ ಮೇಡಂಗೆ ಕಳಿಸಿದ ತುಣುಕು ಇದು. ಜೊತೆಗೆ ಒಂದು ಸಾಲು: "ಕ್ಯಾಮೆರಾ ಹೋದ ದಿನ ಊಟದ ಹೊತ್ತಲ್ಲಿ ಅಡುಗೆಮನೆಯಲ್ಲಿ ಫೋನಿನಿಂದ ಹಿಡಿದದ್ದು."

ಅಕ್ಕ ಸಿನಿಮಾದವಳಲ್ಲ. ಪುಟ್ಟ ಮಕ್ಕಳಿಗೆ ಪಾಠ ಹೇಳುವ ಟೀಚರು. ತಂಗಿ ಕಾಲು ಹಿಡಿದದ್ದಕ್ಕೆ, "ಆಯ್ತು ಮಾರಾಯ್ತಿ, ನಿನ್ನ ಸಿನಿಮಾಕ್ಕೆ ಬಂದು ನಿಲ್ತೀನಿ" ಎಂದು ಒಪ್ಪಿ ನಾಯಕಿಯಾಗಿದ್ದಳು. ಈಗ ಆ ತುಣುಕು ಅವಳ ಶಾಲೆಗೂ ತಲುಪಿ, ಹೆಸರು ತೊಳೆದುಕೊಂಡು ಬರುವವರೆಗೆ ಮನೆಯಲ್ಲೇ ಇರಿ ಎಂದು ಅಲ್ಲಿಯ ಹೆಡ್‌ಮಾಸ್ತರು ಹೇಳಿಬಿಟ್ಟಿದ್ದರು. ಇವತ್ತಿನ ಮಾತುಕತೆಯಲ್ಲಿ ಬೇರೆ ಏನೂ ಹೊರಬೀಳದಿದ್ದರೆ ಮೇಡಂ ತುಣುಕನ್ನು ಪೊಲೀಸರ ಕೈಗೆ ಕೊಡುವವರಿದ್ದರು.

ಕರೆದುಕೊಂಡು ಬಂದು ಸಿಕ್ಕಿಹಾಕಿಸಿದವಳು ತಾನೇ ಎಂಬ ಸಂಕಟ ಕಿವಿಯಮ್ಮನಿಗೆ. ಅವಳ ಹೊಟ್ಟೆಗೆ ಬೆಳಿಗ್ಗೆಯಿಂದ ಒಂದು ಲೋಟ ನೀರು ಬಿಟ್ಟರೆ ಏನೂ ಇಳಿದಿರಲಿಲ್ಲ.

ಕಿವಿಯಮ್ಮ ಎಂಬುದು ಸಹಪಾಠಿಗಳು ಕೊಟ್ಟ ಬಿರುದು. ಕಾರಿಡಾರಿನ ಆ ತುದಿಯಲ್ಲಿ ಬರುತ್ತಿರುವ ಚಪ್ಪಲಿ ಯಾರದೆಂದು ಈ ತುದಿಯಲ್ಲಿ ಕೂತು ಹೇಳುವವಳಿಗೆ ಬೇರೆ ಯಾವ ಬಿರುದು ಒಪ್ಪೀತು? ವಿದ್ಯಾರ್ಥಿಗಳು ಸೇರಿ ತೆಗೆಯುತ್ತಿದ್ದ ಈ ಸಿನಿಮಾಕ್ಕೆ ಧ್ವನಿ ಹಿಡಿಯುವುದೂ ಅದನ್ನು ಕತ್ತರಿಸಿ ಜೋಡಿಸುವುದೂ ಅವಳ ಪಾಲಿನ ಕೆಲಸ.

"ಕೇಳಿದೆ," ಎಂದರು ಮೇಡಂ. "ಮಾತಿನ ಹಿಂದೆ ಏನೂ ಇಲ್ಲ."

"ಅದೇ ಮೇಡಂ. ಏನೂ ಇಲ್ಲ. ಇರಬೇಕಿತ್ತು."

ಕಿವಿಯಮ್ಮನ ಪಕ್ಕದಲ್ಲಿ ಕೂತಿದ್ದ ಸೋದರಮಾವ ಗಂಟಲು ಸರಿಮಾಡಿಕೊಂಡರು. ನಿವೃತ್ತ ಇನ್‌ಸ್ಪೆಕ್ಟರ್. ಅವರ ಎಡಗಿವಿ ಮಾತ್ರ ಅವರಿಗಿಂತ ಮುಂಚೆಯೇ ನಿವೃತ್ತಿ ತೆಗೆದುಕೊಂಡಿತ್ತು. ಹಾಗಾಗಿ ಯಾರೊಡನೆ ಮಾತಾಡಿದರೂ ಬಲಗೆನ್ನೆಯನ್ನು ಮುಂದೆ ಮಾಡಿ, ಮುತ್ತು ಕೇಳುವವರ ಹಾಗೆ ಬಾಗುತ್ತಿದ್ದರು.

"ಒಂದು ನಿಮಿಷ ಸೊಸೆ," ಎಂದರು ಮಾವ. "ಮೊದಲು ಸಾಹೇಬ್ರ ಹತ್ರ ಮಾತಾಡೋಣ."

ಸಾಹೇಬ್ರು ಎಂದರೆ ಸಿನಿಮಾದ ನಿರ್ದೇಶಕ. ವಯಸ್ಸು ಕಿವಿಯಮ್ಮನದೇ. ಕೋಣೆಯೊಳಗೂ ಕಪ್ಪು ಕನ್ನಡಕ ಇಳಿಸದೆ, ಕಾಲ ಮೇಲೆ ಕಾಲು ಹಾಕಿ, ಪ್ರಶಸ್ತಿ ಕೊಡಲು ಬಂದವನಂತೆ ಕೂರುವ ಅಭ್ಯಾಸದಿಂದ ಆ ಹೆಸರು ಅಂಟಿಕೊಂಡಿತ್ತು.

"ಈ ಮಾತನ್ನ ನೀನೂ ಕಿವಿಯಾರೆ ಕೇಳಿದೆ ಅಂತ ಮೇಡಂಗೆ ಹೇಳಿದ್ಯಂತಲ್ಲಪ್ಪ?"

"ಹೌದು ಅಂಕಲ್. ಹೇಳೋಕೆ ಮನಸ್ಸಿರಲಿಲ್ಲ. ಆದ್ರೆ ಸುಳ್ಳು ಹೇಳೋಕಾಗಲ್ಲ." ಸಾಹೇಬರು ನಿಟ್ಟುಸಿರು ಬಿಟ್ಟರು. "ಊಟದ ಹೊತ್ತು. ನಾನು ಅಡುಗೆಮನೆ ಕಿಟಕಿ ಪಕ್ಕ ನಿಂತಿದ್ದೆ. ಅಕ್ಕ ಯಾರಿಗೋ ಫೋನಲ್ಲಿ ಹೇಳ್ತಾ ಇದ್ರು."

"ಇದೇ ಮಾತು?"

"ಅಕ್ಷರ ಅಕ್ಷರ."

"ಬೇರೆ ಯಾವಾಗಲೋ ಅಲ್ಲ ತಾನೆ? ನಿಂಗೆ ಗೊಂದಲ ಆಗಿರಬಹುದು."

"ಊಟದ ಹೊತ್ತೇ ಅಂಕಲ್. ಕೈಯಲ್ಲಿ ತಟ್ಟೆ ಇತ್ತು."

"ಸರಿ, ಸರಿ. ತಟ್ಟೆ ಬೇರೆ ಇತ್ತು," ಎಂದು ಮಾವ ತಲೆದೂಗಿ ಹಿಂದಕ್ಕೆ ಒರಗಿದರು. ಮಾವನ ವರಸೆ ಕಿವಿಯಮ್ಮನಿಗೆ ಗೊತ್ತಿತ್ತು. ಕಳ್ಳನಿಗೆ ಹಗ್ಗ ಕೊಡುವುದಷ್ಟೇ ನಮ್ಮ ಕೆಲಸ, ಗಂಟು ಅವನೇ ಹಾಕಿಕೊಳ್ಳುತ್ತಾನೆ ಎಂದು ಅವರು ಬೆಳಿಗ್ಗೆಯೇ ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ಕೋಣೆಯೊಳಗೆ ಹೋದಮೇಲೆ ನೀನು ಯಾವ ಯಂತ್ರವನ್ನೂ ಮುಟ್ಟಬೇಡ. ಅದಕ್ಕೇ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು.

"ಅದು ಶೂಟಿಂಗಿನ ಮೊದಲ ದಿನ ನಾನು ಸಿನಿಮಾದಲ್ಲಿ ಆಡಿದ ಮಾತು," ಎಂದಳು ಅಕ್ಕ, ತಲೆಯೆತ್ತದೆ. "ಎಷ್ಟು ಸಲ ಹೇಳಲಿ? ಪಕ್ಕದ ಮನೆ ಬೆಕ್ಕನ್ನ ಕದ್ದಿಟ್ಟುಕೊಂಡ ಹೆಂಗಸಿನ ಪಾತ್ರ ನಂದು. ಬೆಕ್ಕನ್ನ ನಾನೇ ತಗೊಂಡು ಹೋದೆ, ಬಚ್ಚಿಟ್ಟಿದ್ದೀನಿ, ಯಾರಿಗೂ ಹೇಳಬೇಡ. ಆಮೇಲೆ ಈ ಸಾಹೇಬ್ರೇ ಆ ಮಾತು ಬೇಡ ಅಂತ ಬದಲಾಯಿಸಿದ್ರು."

"ಆ ಟೇಕ್ ತೋರಿಸಿ ಅಂದೆ," ಎಂದರು ಮೇಡಂ, ಕಠಿಣವಾಗಿಯಲ್ಲ. "ಶಾಲೆಯ ಡಿಸ್ಕಿನಲ್ಲಿ ಇಲ್ಲ. ಅವತ್ತಿನ ಯಾವ ಮಾತೂ ಇಲ್ಲ."

ಇಲ್ಲದಿರುವುದು ನಿಜ. ಯಾರೋ ಗುಡಿಸಿ ಸಾರಿಸಿದ ಹಾಗೆ ಆ ದಿನದ ಧ್ವನಿಯೆಲ್ಲ ಅಳಿಸಿಹೋಗಿತ್ತು.

"ಮಾತು ಬೇಡ ಮೇಡಂ," ಎಂದಳು ಕಿವಿಯಮ್ಮ. "ಫ್ರಿಜ್ ವಿಷಯ ಕೇಳಿ."

ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ ಛಾಯಾಗ್ರಾಹಕ ಹುಡುಗ ಕಿಸಕ್ಕನೆ ನಕ್ಕ. ಎಲ್ಲ ಬಾಗಿಲಿಗೂ ತಲೆ ತಗ್ಗಿಸಬೇಕಾದ ಎತ್ತರದವನಾದ್ದರಿಂದ ಅವನು ಉದ್ದಣ್ಣ. ಚಿತ್ರೀಕರಣ ನಡೆದದ್ದು ಅವನ ದೊಡ್ಡಮ್ಮನ ಮನೆಯಲ್ಲಿ.

"ದೊಡ್ಡಮ್ಮನ ಫ್ರಿಜ್ಜಾ? ಅದು ಫ್ರಿಜ್ಜಲ್ಲ ಮೇಡಂ, ಹಿಟ್ಟಿನ ಗಿರಣಿ. ಒಳಗಿನ ಯಾವುದೋ ಭಾಗ ಕೆಟ್ಟಿದೆ, ಒಂದು ಕ್ಷಣ ನಿಲ್ಲಲ್ಲ. ಹಗಲೂ ರಾತ್ರಿ ಗುರ್ರ್ ಅಂತಾನೇ ಇರುತ್ತೆ. ದೊಡ್ಡಮ್ಮಂಗೆ ಅದಿಲ್ದೆ ನಿದ್ದೆ ಬರಲ್ಲ."

"ಅದಕ್ಕೇ ಶೂಟಿಂಗ್ ನಡೆಯೋವಾಗ ನಾನದನ್ನ ಆರಿಸ್ತಿದ್ದೆ," ಎಂದಳು ಕಿವಿಯಮ್ಮ. "ಆರಿಸಿ, ನನ್ನ ಸ್ಕೂಟರ್ ಕೀನ ಫ್ರಿಜ್ಜಿನೊಳಗೆ ಇಡ್ತಿದ್ದೆ."

"ಫ್ರಿಜ್ಜಿನೊಳಗೆ?" ಮಾವ ಬಲಗಿವಿ ಮುಂದೆ ಮಾಡಿದರು. ತಾವು ತಪ್ಪು ಕೇಳಿಸಿಕೊಂಡೆವೆಂದೇ ಅವರ ಎಣಿಕೆ.

"ಫ್ರಿಜ್ಜಿನೊಳಗೇ ಮಾವ. ನಮ್ಮಲ್ಲಿ ಇದೊಂದು ರೂಢಿ. ಬೇರೆಯವರ ಮನೆ ಫ್ರಿಜ್ ಆರಿಸಿ, ಕೆಲಸ ಮುಗಿದ ಮೇಲೆ ಹಾಕೋದು ಮರೆತು ಹೋಗಿಬಿಟ್ರೆ? ಅವರ ಹಾಲು ತರಕಾರಿ ಎಲ್ಲ ಹಾಳು. ಕೀ ಅದರೊಳಗಿದ್ರೆ, ಅದನ್ನ ತೆಗೀದೆ ಮನೆಗೆ ಹೋಗೋಕಾಗಲ್ಲ. ತೆಗೆಯೋವಾಗ ಒಳಗೆ ಕತ್ತಲೆ ಇರುತ್ತೆ, ತಟ್ಟನೆ ನೆನಪಾಗುತ್ತೆ. ಕೀ ಒಳಗಿದ್ರೆ ಫ್ರಿಜ್ ಆರಿದೆ. ಕೀ ನನ್ನ ಕೈಲಿದ್ರೆ ಫ್ರಿಜ್ ಓಡ್ತಿದೆ."

"ಊಟದ ಹೊತ್ತಲ್ಲಿ ಕೀ ಎಲ್ಲಿತ್ತು?"

"ಇವಳ ಕೈಲಿತ್ತು!" ಉದ್ದಣ್ಣ ಗೋಡೆ ಬಿಟ್ಟು ನೆಟ್ಟಗಾದ. "ನನ್ನ ಬ್ಯಾಟರಿ ಮುಗಿದಿತ್ತು ಮೇಡಂ. ಊಟ ಅಂತ ಕರೆದ ತಕ್ಷಣ ಇವಳು ಸ್ಕೂಟರಲ್ಲಿ ಹೋಗಿ ಶಾಲೆಯಿಂದ ಬೇರೆ ತಂದಳು. ಕೀ ಮಂಜುಗಡ್ಡೆ ಥರ ಆಗಿದೆ ಅಂತ ನನ್ನ ಕತ್ತಿಗೆ ತಾಗಿಸಿ ಹೋದಳು. ಇವತ್ತಿಗೂ ಚಳಿ ಬಿಟ್ಟಿಲ್ಲ."

ಮೇಡಂ ಕಣ್ಣು ಕಿರಿದು ಮಾಡಿದರು. "ಅಂದ್ರೆ ಊಟದ ಹೊತ್ತಲ್ಲಿ ಆ ಅಡುಗೆಮನೆಯಲ್ಲಿ ಗಿರಣಿ ಓಡ್ತಾ ಇತ್ತು. ಈ ತುಣುಕಿನಲ್ಲಿ ಅದರ ಸದ್ದೇ ಇಲ್ಲ."

ಅಕ್ಕ ಮೊದಲ ಸಲ ತಲೆಯೆತ್ತಿದಳು. ಕಿವಿಯಮ್ಮನಿಗೆ ಎದೆಯೊಳಗೆ ಯಾರೋ ಕಿಟಕಿ ತೆಗೆದ ಹಾಗಾಯಿತು.

ಆದರೆ ಸಾಹೇಬರು ಅಷ್ಟು ಸುಲಭಕ್ಕೆ ಬಗ್ಗುವ ಗಿಡವಲ್ಲ.

"ಮೇಡಂ, ನಿಮಗೇ ಗೊತ್ತಿರೋ ವಿಷಯ," ಎಂದರು ನಗುತ್ತ. "ಈಗಿನ ಫೋನುಗಳು ಒಂದೇ ಸಮ ಗುಂಯ್ ಅನ್ನೋ ಸದ್ದನ್ನ ತಾವೇ ಒರೆಸಿಹಾಕುತ್ತವೆ. ಫ್ಯಾನಿನ ಕೆಳಗೆ ಕೂತು ಮಾತಾಡಿದ್ರೂ ಆ ಕಡೆಯವರಿಗೆ ಫ್ಯಾನ್ ಕೇಳಲ್ಲ. ಫ್ರಿಜ್ಜೂ ಹಾಗೇ. ಪಾಪ, ಅಕ್ಕನ ಮೇಲಿನ ಪ್ರೀತಿಗೆ ಇವಳು ಹುಲ್ಲುಕಡ್ಡಿ ಹಿಡೀತಾಳೆ."

ಮೇಡಂ ನಿಧಾನಕ್ಕೆ ತಲೆಯಾಡಿಸಿದರು. "ಅದು ನಿಜ. ಒರೆಸುತ್ತವೆ."

ತೆರೆದ ಕಿಟಕಿ ದಡಾರನೆ ಮುಚ್ಚಿತು. ಅಕ್ಕನ ತಲೆ ಮತ್ತೆ ತಗ್ಗಿತು. ಉದ್ದಣ್ಣ ಮತ್ತೆ ಗೋಡೆಗೆ ಒರಗಿದ.

ಕಿವಿಯಮ್ಮ ಮಾತ್ರ ಬೆನ್ನ ಹಿಂದೆ ಕೈ ಬಿಗಿದುಕೊಂಡು ನಕ್ಕಳು. ಈ ಉತ್ತರ ಬಂದೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬರಲಿ ಎಂದೇ ಅವಳು ಫ್ರಿಜ್ಜನ್ನು ಮುಂದೆ ಬಿಟ್ಟಿದ್ದಳು. ಮಾವನ ಸೊಸೆಯಲ್ಲವೇ?

"ಒಪ್ಪಿದೆ ಸಾಹೇಬ್ರೇ. ಫೋನು ಇದ್ದ ಸದ್ದನ್ನ ಒರೆಸುತ್ತೆ. ಇಲ್ಲದ ಸದ್ದನ್ನ ತಂದು ಸೇರಿಸುತ್ತಾ?"

"ಅಂದ್ರೆ?"

"ಮೇಡಂ, ಈ ಸಲ ಸದ್ದು ಜೋರು ಮಾಡಿ. ಪೂರ್ತಿ ಜೋರು. ಅಕ್ಕ ಮಾತು ನಿಲ್ಲಿಸಿದ ಜಾಗಗಳಲ್ಲಿ ಕೇಳಿ. ಯಾರಿಗಾದ್ರೂ ಏನಾದ್ರೂ ಕೇಳಿಸಿದ್ರೆ ಬೆರಳೆತ್ತಿ."

ಮೇಡಂ ಗುಂಡಿ ತಿರುಗಿಸಿದರು. ಅಕ್ಕನ ದನಿ ಕೋಣೆಯ ಗೋಡೆ ಅದುರಿಸಿತು. ಮಾತು ನಿಂತ ಕಡೆ, ದೂರದಲ್ಲಿ, ಇಲಿಮರಿ ಕೂಗಿದಷ್ಟು ಸಣ್ಣಗೆ: ಕಿರ್ರ್.

ಉದ್ದಣ್ಣನ ಬೆರಳು ಎದ್ದಿತು. ಮೇಡಂ ಬೆರಳು ಎದ್ದಿತು.

ಮುಂದಿನ ಬಿಡುವಿನಲ್ಲಿ ಮತ್ತೆ: ಕಿರ್ರ್. ಕೊನೆಯ ಬಿಡುವಿನಲ್ಲಿ ಇನ್ನೊಮ್ಮೆ: ಕಿರ್ರ್. ಎಲ್ಲ ಮುಗಿದ ಮೇಲೆ ಮಾವನ ಬೆರಳೂ ಎದ್ದಿತು. ಅವರು ಉಳಿದವರ ಬೆರಳು ನೋಡಿ ಎತ್ತಿದ್ದರು.

"ಫೋನಿನ ಪುಟ್ಟ ಸ್ಪೀಕರಿನಲ್ಲಿ ಇದು ಯಾರಿಗೂ ಕೇಳಲ್ಲ," ಎಂದಳು ಕಿವಿಯಮ್ಮ. "ಮಾಡಿದವರಿಗೂ ಕೇಳಿಲ್ಲ. ಮೇಡಂ, ನಿಮ್ಮ ಕಂಪ್ಯೂಟರಿಗೆ ಇದನ್ನ ಇಳಿಸಿ, ಆ ಕಿರ್ರ್‌ಗಳನ್ನ ಬಿಡಿಸಿ ಒಂದರ ಕೆಳಗೊಂದು ಇಡ್ತೀರಾ? ನಾನು ಮುಟ್ಟಲ್ಲ."

ಮೇಡಂ ಮುಖ್ಯಸ್ಥೆಯಾಗುವ ಮೊದಲು ಎಷ್ಟೋ ವರ್ಷ ಇದೇ ಕೆಲಸ ಮಾಡಿದವರು. ಕುರ್ಚಿ ಎಳೆದುಕೊಂಡು ಕೂತವರ ಬೆರಳುಗಳಿಗೆ ಹಳೆಯ ಹುರುಪು ಬಂದಿತು. ಪರದೆಯ ಮೇಲೆ ಮೂರು ಪುಟ್ಟ ಅಲೆಗಳು ಒಂದರ ಕೆಳಗೊಂದು ಬಂದು ಕೂತವು. ಅವಳಿ ಮಕ್ಕಳ ಜೊತೆಗೆ ಇನ್ನೊಂದು ಸೇರಿದಂತೆ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

"ಒಂದೇ ಸದ್ದು," ಎಂದು ಮೇಡಂ ಪಿಸುಗುಟ್ಟಿದರು. "ಒಂದೇ ತುಂಡನ್ನ ಮತ್ತೆ ಮತ್ತೆ ಅಂಟಿಸಿದ್ದಾರೆ."

"ಯಾಕೆ ಅಂಟಿಸಬೇಕು?" ಎಂದರು ಮಾವ.

"ಮಾತನ್ನ ಕತ್ತರಿಸಿ ಜೋಡಿಸಿದ್ರೆ ಹೊಲಿಗೆ ಕಾಣುತ್ತೆ," ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಅದು ಕಾಣದ ಹಾಗೆ ಕೆಳಗೆ ಅದೇ ಕೋಣೆಯ ಮೌನ ಹಾಸಬೇಕು. ರೂಮ್ ಟೋನ್ ಅಂತೀವಿ. ಎಲ್ಲ ಕೋಣೆಯ ಮೌನವೂ ಒಂದೇ ಥರ ಇರಲ್ಲ. ಅದಕ್ಕೇ ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಅಲುಗಾಡದೆ ನಿಲ್ಲಿಸಿ, ಸ್ವಲ್ಪ ಹೊತ್ತು ಬರೀ ಮೌನ ಹಿಡ್ಕೋತೀವಿ."

"ಆ ಮೌನಾನೂ ಡಿಸ್ಕಿನಿಂದ ಅಳಿಸಿಹೋಗಿದೆ," ಎಂದ ಸಾಹೇಬರ ದನಿ ಒಂದು ಮೆಟ್ಟಿಲು ಮೇಲೇರಿತ್ತು. "ಹೋಲಿಸೋಕೆ ಏನೂ ಇಲ್ಲ. ಇವಳೇ ಎಲ್ಲಿಂದಾದ್ರೂ ಒಂದು ತಂದು ಇದೇ ಅಂದ್ರೆ ನಂಬೋಕಾಗುತ್ತಾ? ಅಕ್ಕನ್ನ ಉಳಿಸೋಕೆ ಏನು ಬೇಕಾದ್ರೂ ಮಾಡ್ತಾಳೆ."

"ನಾನು ತರಲ್ಲ," ಎಂದಳು ಕಿವಿಯಮ್ಮ. "ಮೇಡಂ ಹತ್ರಾನೇ ಇದೆ. ಕ್ಯಾಮೆರಾ ಕಳುವಾಗೋ ಮುಂಚೆಯೇ ಕೊಟ್ಟಿದ್ದೆ. ನೀವು ನನಗೆ ಮಾರ್ಕ್ಸ್ ಕೊಡದ ಹೋಮ್‌ವರ್ಕ್ ಮೇಡಂ."

ಮೇಡಂ ಮುಖ ಕೆಂಪಾಯಿತು. ನಿಮಗಿಷ್ಟವಾದ ಸದ್ದುಗಳನ್ನು ಹಿಡಿದು ತನ್ನಿ ಎಂದು ಅವರು ತರಗತಿಗೆ ಹೇಳಿದಾಗ, ಉಳಿದವರು ಗುಡುಗು, ರೈಲು, ಮಗುವಿನ ನಗು ತಂದಿದ್ದರು. ಈ ಹುಡುಗಿ ಬರೀ ಮೌನಗಳನ್ನು ತಂದಿದ್ದಳು. ಹಲ್ಲಿನ ಡಾಕ್ಟರ ಹೊರಕೋಣೆಯ ಮೌನ. ಪರೀಕ್ಷೆ ನಡೆಯುವ ಹಾಲಿನ ಮೌನ. ತನ್ನ ಮನೆಯ ಮೆಟ್ಟಿಲ ಕೆಳಗಿನ ಮೌನ. ಶೂಟಿಂಗಿನ ಮೊದಲ ದಿನ ಹಿಡಿದ ದೊಡ್ಡಮ್ಮನ ಅಡುಗೆಮನೆಯ ಮೌನದ ಒಂದು ಪ್ರತಿ. "ಇದರಲ್ಲಿ ಏನಿದೆ?" ಎಂದು ಬರೆದು ಮೇಡಂ ಮಾರ್ಕ್ಸ್ ಕೊಡದೆ ಬಿಟ್ಟಿದ್ದರು. ಅವತ್ತು ಕಿವಿಯಮ್ಮ ಶೌಚಾಲಯದಲ್ಲಿ ಕೂತು ಅತ್ತದ್ದು ಉದ್ದಣ್ಣನಿಗೂ ಗೊತ್ತಿರಲಿಲ್ಲ.

ಮಾತುಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದವನಿಗೆ, ಏನೂ ಇಲ್ಲದ್ದನ್ನು ಒಬ್ಬಳು ಜೋಪಾನ ಮಾಡಿ ಇಟ್ಟಿರಬಹುದು ಎಂದು ಹೇಗೆ ಹೊಳೆಯಬೇಕು?

ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಆ ಹೋಮ್‌ವರ್ಕನ್ನು ಹುಡುಕಿದರು. ಸಿಕ್ಕಿತು. ಒತ್ತಿದರು.

ಸ್ಪೀಕರುಗಳಲ್ಲಿ ದೊಡ್ಡಮ್ಮನ ಅಡುಗೆಮನೆ ಬಂದು ಸುಮ್ಮನೆ ನಿಂತಿತು. ಆಮೇಲೆ, ದೂರದಲ್ಲಿ: ಕಿರ್ರ್.

ಅದರ ಬೆನ್ನಿಗೇ ಸ್ಪೀಕರಿನಿಂದ ಕಿವಿಯಮ್ಮನ ಸಿಡುಕು ದನಿ: "ಅಯ್ಯೋ, ಯಾರ್ರೀ ಅದು ಶೂ? ಒಂದು ನಿಮಿಷ ನಿಲ್ಲೋಕಾಗಲ್ವಾ?"

ಮತ್ತೊಂದು ದನಿ, ಗತ್ತಿನದು: "ಸಾರಿ, ಸಾರಿ. ನಂದೇ. ಹೊಸ ಶೂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಹೇಬರು ಕಾಲ ಮೇಲಿನ ಕಾಲನ್ನು ಇಳಿಸಿ ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಎಳೆದುಕೊಳ್ಳುವಾಗ ಬಲಗಾಲಿನ ಶೂ ಕಿರ್ರ್ ಎಂದಿತು.

ಉದ್ದಣ್ಣ ಮೊದಲು ನಕ್ಕ. ಆಮೇಲೆ ಮಾವ ನಕ್ಕರು, ಯಾಕಂದರೆ ಅದು ಅವರ ಬಲಗಡೆಯೇ ನಡೆದಿತ್ತು.

ಮೇಡಂ ನಗಲಿಲ್ಲ. ಹೊಸ ಅಲೆಯನ್ನು ಆ ಮೂರರ ಕೆಳಗೆ ತಂದಿಟ್ಟರು. ಅದೂ ಅದೇ.

"ಆ ಮೊದಲ ದಿನದ ಧ್ವನಿಯ ಕಾರ್ಡನ್ನ ನನ್ನಿಂದ ತಗೊಂಡವರು ಒಬ್ಬರೇ ಮೇಡಂ," ಎಂದಳು ಕಿವಿಯಮ್ಮ. "ಟ್ರೇಲರ್ ಮಾಡಬೇಕು ಅಂತ."

"ಅದು... ಅದನ್ನ ಯಾರಾದ್ರೂ ನನ್ನ ಬ್ಯಾಗಿನಿಂದ..."

"ಇರಬಹುದಪ್ಪ," ಎಂದರು ಮಾವ ಮೆತ್ತಗೆ. "ಬ್ಯಾಗು ಅಂದ್ಮೇಲೆ ಯಾರಾದ್ರೂ ಕೈ ಹಾಕಬಹುದು. ನಂದು ಒಂದೇ ಪ್ರಶ್ನೆ. ಈ ಮಾತನ್ನ ಯಾರೂ ಆಡೇ ಇಲ್ಲ. ಚೂರು ಚೂರು ಅಂಟಿಸಿ ಮಾಡಿದ್ದು. ಹಾಗಿದ್ರೆ ತಟ್ಟೆ ಹಿಡ್ಕೊಂಡು ಕಿಟಕಿ ಪಕ್ಕ ನಿಂತು ಅಕ್ಷರ ಅಕ್ಷರ ಕೇಳಿದ್ಯಲ್ಲ, ಏನು ಕೇಳಿದೆ?"

ಸಾಹೇಬರು ಕಪ್ಪು ಕನ್ನಡಕ ತೆಗೆದರು. ಕಣ್ಣು ಇಂಗು ತಿಂದ ಮಂಗನದಾಗಿತ್ತು.

"ಕ್ಯಾಮೆರಾ ನನ್ನ ಹೊಣೆಯಲ್ಲಿತ್ತು," ಎಂದ, ಬಹುವಚನಕ್ಕೆ ಯೋಗ್ಯವಲ್ಲದ ಸಣ್ಣ ದನಿಯಲ್ಲಿ. "ಕಳೆದುಹೋಯ್ತು ಅಂದ್ರೆ ನನ್ನನ್ನ ಶಾಲೆಯಿಂದ ಕಳಿಸ್ತಿದ್ರಿ. ಯಾರು ಕದ್ರು ಅಂತ ದೇವರಾಣೆ ಗೊತ್ತಿಲ್ಲ ಮೇಡಂ. ಇವರು ಹೊರಗಿನವರು... ಮಾತುಗಳೂ ಹೊಂದಿಕೊಳ್ತಾ ಇದ್ವು. ಟೇಕ್‌ಗಳ ನಡುವೆ 'ಕ್ಯಾಮೆರಾ ಕಡೆ ನೋಡಲಾ' ಅಂದಿದ್ರು. ಆ ಪದ ತಗೊಂಡೆ."

"ಹೊರಗಿನವರು!" ಕಿವಿಯಮ್ಮ ಕಟ್ಟಿದ್ದ ಕೈ ಬಿಟ್ಟಳು. "ನಿನ್ನ ಸಿನಿಮಾಕ್ಕೆ ರಜೆ ಹಾಕಿ ಬಂದವಳನ್ನ, ನಿನಗೆ ತಲೆನೋವು ಅಂದಾಗ ಮಾತ್ರೆ ಕೊಟ್ಟವಳನ್ನ ಕಳ್ಳಿ ಮಾಡಿದ್ಯಲ್ಲ. ಮಕ್ಕಳ ಮುಂದೆ ನಿಲ್ಲೋ ಟೀಚರ್ ಅವಳು. ನಾಚಿಕೆ ಆಗಲ್ವಾ?"

ಅವನಿಗೆ ನಾಚಿಕೆಯಾಯಿತೋ ಇಲ್ಲವೋ, ತಲೆಯಂತೂ ಅಕ್ಕನ ತಲೆ ಇದ್ದ ಮಟ್ಟಕ್ಕೆ ಇಳಿಯಿತು.

ಮೇಡಂ ಎದ್ದು ಹಿಂದಿನ ಸಾಲಿಗೆ ನಡೆದು ಅಕ್ಕನ ಮುಂದೆ ನಿಂತರು. "ನನ್ನಿಂದ ತಪ್ಪಾಯ್ತಮ್ಮ. ಕಿವಿ ಇದ್ದೂ ಕೇಳಲಿಲ್ಲ." ಅಲ್ಲೇ, ಎಲ್ಲರೆದುರಿಗೇ, ಅಕ್ಕನ ಶಾಲೆಗೆ ಫೋನು ಮಾಡಿದರು. ತುಣುಕು ಖೊಟ್ಟಿಯೆಂದೂ, ಮಾಡಿದವನು ಒಪ್ಪಿಕೊಂಡನೆಂದೂ ಹೇಳಿ, ನಿಮ್ಮ ಟೀಚರನ್ನು ಮರ್ಯಾದೆಯಿಂದ ಕರೆಸಿಕೊಳ್ಳಿ ಎಂದು ಗದರಿದರು. ಹೆಡ್‌ಮಾಸ್ತರು ಆ ಕಡೆಯಿಂದ ಹೂಂ ಹೂಂ ಎನ್ನುವುದು ಕಿವಿಯಮ್ಮನಿಗೆ ಇಲ್ಲಿಗೇ ಕೇಳಿಸಿತು. ನಾಳೆಯಿಂದಲೇ ಬರಲಿ ಎಂದರು ಅವರು.

ಕಿವಿಯಮ್ಮನಿಗೆ ಅಳು, ನಗು, ಹಸಿವು ಮೂರೂ ಒಟ್ಟಿಗೇ ಬಂದವು. ಉದ್ದಣ್ಣ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಮಾವ ಮೀಸೆ ತಿರುವಿಕೊಂಡು ಕಂಡವರಿಗೆಲ್ಲ ಹೇಳತೊಡಗಿದರು: "ನಮ್ಮ ಮನೆ ಹುಡುಗಿ. ನಾನು ಒಂದು ಕಿವಿ ಕಳಕೊಂಡೆ, ದೇವರು ಅದನ್ನ ಇವಳಿಗೆ ಕೊಟ್ಟ."

"ಆ ಹೋಮ್‌ವರ್ಕಿಗೆ ಈಗ ಮಾರ್ಕ್ಸ್ ಹಾಕ್ತೀನಿ," ಎಂದರು ಮೇಡಂ.

ಇಷ್ಟು ಗದ್ದಲದಲ್ಲಿ ಅಕ್ಕ ಮುಖ ತೊಳೆಯುತ್ತೇನೆಂದು ಎದ್ದುಹೋಗಿದ್ದಳು. ಕಿವಿಯಮ್ಮ ಅವಳನ್ನು ಹುಡುಕಿಕೊಂಡು ಹಿತ್ತಿಲ ನಲ್ಲಿಯ ಹತ್ತಿರ ಓಡಿದಳು. ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ಗೆದ್ದು ಬಂದ ಮೇಲೆ ಯಾವ ಬಿಸಿಲೂ ಚೆನ್ನಾಗಿಯೇ ಇರುತ್ತದೆ.

"ಅಕ್ಕಾ! ನೋಡಿದ್ಯಾ ಅವನ ಮುಖ? ಆ ಶೂ! ದೇವರೇ ಬಂದು ಕಿರ್ರ್ ಅನ್ನಿಸಿದ ಹಾಗಿತ್ತು. ಮನೆಗೆ ಹೋಗಿ ಅಮ್ಮಂಗೆ ನಾನೇ ಹೇಳೋದು, ನೀನು ನಡುವೆ ಬಾಯಿ ಹಾಕಬೇಡ."

ಅಕ್ಕ ತೊಳೆದ ಮುಖವನ್ನು ಒರೆಸಿಕೊಂಡಿರಲಿಲ್ಲ. ನಲ್ಲಿ ನಿಲ್ಲಿಸಲು ಹೋದ ತಂಗಿಯ ಕೈ ಹಿಡಿದು, ಇನ್ನೂ ಜೋರಾಗಿ ತಿರುಗಿಸಿದಳು. ನೀರು ಕಲ್ಲಿನ ಮೇಲೆ ಭೋರೆಂದು ಬಿದ್ದಿತು.

"ನೀನು ಸುಳ್ಳು ಹೇಳಲಿಲ್ಲ," ಎಂದಳು ಅಕ್ಕ. "ಅವನು ಅಂಟಿಸಿದ್ದೂ ನಿಜ. ನಾನು ಆ ಮಾತು ಆಡಿಲ್ಲ ಅನ್ನೋದೂ ನಿಜ."

"ಮತ್ತೆ? ಯಾಕೆ ಅಳ್ತೀಯ?"

"ಕ್ಯಾಮೆರಾ ನಾನೇ ತಗೊಂಡೆ."

ಕಿವಿಯಮ್ಮ ನಕ್ಕಳು. ಅಕ್ಕ ನಗಲಿಲ್ಲ. ಕಿವಿಯಮ್ಮನ ನಗು ಅರ್ಧಕ್ಕೇ ನಿಂತಿತು.

"ಯಾಕೆ ಅಂತ ಹೇಳ್ತೀನಿ, ಈಗಲ್ಲ," ಎಂದಳು ಅಕ್ಕ. ಅವಳ ಬೆರಳುಗಳು ತಂಗಿಯ ಮಣಿಕಟ್ಟನ್ನು ನೋಯುವಷ್ಟು ಬಿಗಿದಿದ್ದವು. "ಇವತ್ತು ಬೆಳಿಗ್ಗೆ ವಾಪಸ್ ತಂದು ಇಟ್ಟುಬಿಡೋಣ ಅಂತ ಹೋಗಿ ನೋಡಿದೆ. ನಾನು ಬಚ್ಚಿಟ್ಟಿದ್ದ ಜಾಗದಲ್ಲಿ ಅದಿಲ್ಲ. ನಾನು ಬಚ್ಚಿಡೋದನ್ನ ಯಾರೋ ನೋಡಿದ್ದಾರೆ."

ಹಿಂದಿನಿಂದ ಮಾವನ ದೊಡ್ಡ ನಗು ಹತ್ತಿರ ಬರುತ್ತಿತ್ತು. "ಏನಮ್ಮಾ, ಅಕ್ಕತಂಗೀರು? ನಲ್ಲಿ ಬಿಟ್ಕೊಂಡು ಏನು ಗುಟ್ಟು? ಬನ್ನಿ ಬನ್ನಿ, ಈಗ ನಿಜವಾದ ಕಳ್ಳನ್ನ ಹಿಡಿಯೋಣ. ನಾನು ಮೇಡಂಗೆ ಮಾತು ಕೊಟ್ಟು ಬಂದಿದ್ದೀನಿ."